ಗಿಡ್ಡ ನಳಿಕೆ, ಮೂರು ಗೆರೆ ವಿಭೂತಿ

ಮೊದಲೇ ಹೇಳಿಬಿಡುತ್ತೇನೆ, ಇಡೀ ಸರ್ವಿಸಿನಲ್ಲಿ ನಾನು ಒಬ್ಬ ಮನುಷ್ಯನ ಕಡೆಗೂ ಬಂದೂಕು ತಿರುಗಿಸಿದವನಲ್ಲ. ಬಿಚ್ಚಿದ್ದೇನೆ, ತೊಳೆದಿದ್ದೇನೆ, ಜೋಡಿಸಿದ್ದೇನೆ, ಅದು ಕೈಕೊಟ್ಟಾಗ ಮೇಲಿನವರಿಂದ ಬೈಸಿಕೊಂಡಿದ್ದೇನೆ. ಆರ್ಮರರ್ ಅಂದರೆ ಇಷ್ಟೇ. ಸಶಸ್ತ್ರ ಪಡೆಯ ಆಯುಧಗಳನ್ನು ಸುಸ್ಥಿತಿಯಲ್ಲಿಟ್ಟು, ಬೆಳಿಗ್ಗೆ ಒಂದು ಕಿಟಕಿಯಲ್ಲಿ ಕೊಟ್ಟು, ಸಂಜೆ ಅದೇ ಕಿಟಕಿಯಲ್ಲಿ ವಾಪಸ್ ತೆಗೆದುಕೊಳ್ಳುವವನು. ಯಾವ ಪಡೆ ಎಂದು ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ.

ಈಗ ಹೊಸಹಳ್ಳಿಯಲ್ಲಿ ಮನೆ ಮಾಡಿಕೊಂಡು ಆರಾಮಾಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗರು ರಜೆಯ ದಿನ ಮೆಟ್ರೋ ಇಳಿದು ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಆಮೇಲೆ ಮೆಲ್ಲಗೆ, ಸಾರ್ ಏನಾದರೂ ಟಿಪ್ಸ್ ಕೊಡಿ ಅನ್ನುತ್ತಾರೆ. ಅಯ್ಯೋ ಮಾರಾಯರಾ, ಬಂದೂಕಿನ ಬಗ್ಗೆ ನಿಮಗೆ ಬೇಕಾದ್ದೆಲ್ಲ ಕಂಪನಿಯವರು ಕೊಟ್ಟ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಮನುಷ್ಯರ ವಿಷಯ. ಅದನ್ನು ಹೇಳಬೇಕೆಂದರೆ ಕಾಫಿ ಮುಗಿಯುವಷ್ಟರಲ್ಲಿ ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ಹುದ್ದೆಯಲ್ಲಿ ಹವಾಲ್ದಾರ್, ಗತ್ತಿನಲ್ಲಿ ನವಾಬ. ಮೊದಲ ಸಲ ಫೈರಿಂಗ್ ರೇಂಜಿಗೆ ಕರೆದುಕೊಂಡು ಹೋದಾಗ ನಾನು ಎಲ್ಲರ ಹಾಗೆ ದೂರದ ಗುರಿಹಲಗೆಯನ್ನೇ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೆ. ಹಿಂದಿನಿಂದ ಬಂದು ತಲೆಗೆ ಮೆತ್ತಗೆ ಒಂದು ಮೊಟಕಿದರು.

"ಅಲ್ಲಿ ನೋಡೋಕೆ ಬೇರೆ ಜನ ಇದಾರೆ ಕಣೋ. ನೀನು ನೆಲ ನೋಡು. ಖಾಲಿ ಎಲ್ಲಿ ಬೀಳುತ್ತೆ, ಅದನ್ನ ನೋಡು."

ಖಾಲಿ ಅಂದರೆ ಗುಂಡು ಹಾರಿದ ಮೇಲೆ ಬಂದೂಕು ಪಕ್ಕಕ್ಕೆ ಎಸೆಯುವ ಹಿತ್ತಾಳೆ ಕೊಳವೆ. ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಗುಂಡು ನಳಿಕೆಯಲ್ಲಿ ಓಡುವಾಗ ಅದರ ಬೆನ್ನ ಹಿಂದೆ ಸುಟ್ಟ ಮದ್ದಿನ ಅನಿಲ ಒತ್ತಿಕೊಂಡು ಬರುತ್ತದೆ. ನಳಿಕೆಯ ಮುಂಭಾಗದ ಹತ್ತಿರ ಒಂದು ಸಣ್ಣ ರಂಧ್ರ ಇರುತ್ತದೆ. ಗುಂಡು ಅದನ್ನು ದಾಟಿದೊಡನೆ ಸ್ವಲ್ಪ ಅನಿಲ ಆ ರಂಧ್ರಕ್ಕೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ. ಬೋಲ್ಟ್ ಹಿಂದೆ ಹೋಗುವಾಗ ಖಾಲಿಯನ್ನು ಹೊರಗೆ ಬಿಸಾಕುತ್ತದೆ, ಮುಂದೆ ಬರುವಾಗ ಹೊಸ ತೋಟಾ ಎಳೆದುಕೊಂಡು ಬರುತ್ತದೆ. ಒದೆತ ಜೋರಿದ್ದರೆ ಖಾಲಿ ದೂರ ಬೀಳುತ್ತದೆ, ಸೊರಗಿದ್ದರೆ ಕಾಲ ಬುಡದಲ್ಲಿ ಬೀಳುತ್ತದೆ. ಬಂದೂಕಿನ ಆರೋಗ್ಯ ಖಾಲಿ ಹೇಳುತ್ತದೆ ಎಂಬುದು ಖಾದರ್ ಸಾಹೇಬರ ಒಂದೇ ಪಾಠ. ಮಿಕ್ಕಿದ್ದೆಲ್ಲ ನಾನು ಬೈಸಿಕೊಂಡು ಕಲಿತದ್ದು.

ಆ ಕಾಲದಲ್ಲಿ ನಮಗೊಬ್ಬ ಮೇಲಧಿಕಾರಿ ಇದ್ದರು. ಅವರಿಗೆ ಎಣ್ಣೆಯ ಹುಚ್ಚು. ಪರೇಡಿಗೆ ಮುಂಚೆ ಬಂದೂಕು ಮದುವೆ ಹೆಣ್ಣಿನ ಹಾಗೆ ಮಿರಮಿರ ಮಿಂಚಬೇಕು. ಒಂದು ಡಿಸೆಂಬರಿನಲ್ಲಿ ಬಂದೂಕಿನ ಎಣ್ಣೆ ಮುಗಿದು ಹೋಗಿತ್ತು, ಹೊಸದು ಬಂದಿರಲಿಲ್ಲ. ಇವರು ಕೇಳಬೇಕಲ್ಲ, ಕ್ಯಾಂಟೀನಿನಿಂದ ಕೊಬ್ಬರಿ ಎಣ್ಣೆ ತರಿಸಿ ಎಲ್ಲ ಬಂದೂಕಿಗೂ ಬಳಿಸಿದರು. ಖಾದರ್ ಸಾಹೇಬರು ಬೇಡ ಅಂದಿದ್ದಕ್ಕೆ, ನಿಮ್ಮ ತಲೆಗೆ ಹಚ್ಚಿಕೊಳ್ಳೋದಿಲ್ವೇನ್ರೀ ಅಂದರಂತೆ. ಬೆಳಿಗ್ಗೆ ಮೈದಾನದಲ್ಲಿ ಮಂಜು. ಆರ್ಡರ್ ಕೊಟ್ಟಾಗ ಒಂದು ಸಾಲಿನ ಜನ ಬೋಲ್ಟ್ ಎಳೆದರು, ಬರಲಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿತ್ತು. ಬಂದ ಅತಿಥಿಗಳು ನಕ್ಕರು, ನಾವು ನಗುವ ಹಾಗಿರಲಿಲ್ಲ. ಆ ದಿನ ಅಷ್ಟೂ ಬಂದೂಕುಗಳನ್ನು ಬಿಸಿನೀರಿನಲ್ಲಿ ತೊಳೆದದ್ದು ಯಾರು ಎಂದು ಹೇಳಬೇಕಾಗಿಲ್ಲ.

ನಗುವ ಕಥೆ ಇಲ್ಲಿಗೆ ಸಾಕು. ನಿಮಗೆ ನಿಜವಾಗಿ ಹೇಳಬೇಕಾದದ್ದು ನನ್ನ ಸರ್ವಿಸಿನ ಕೊನೆಗಾಲದಲ್ಲಿ ಆದದ್ದು.

ಆಗ ನಮ್ಮ ಮುಖ್ಯಸ್ಥರು ಒಬ್ಬ ಹೆಂಗಸು. ಮೇಡಂ ಅಂತಲೇ ಕರೆಯುತ್ತೇನೆ. ಇಂಜಿನಿಯರಿಂಗ್ ಓದಿ ಪಡೆಗೆ ಬಂದವರು. ಮಾತು ಕಮ್ಮಿ, ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸವಿಲ್ಲ. ನಮ್ಮವರು ಸಾಕ್ಷಿಗಳನ್ನು, ಬೆದರಿಕೆ ಇರುವವರನ್ನು ಕಾರಿನಲ್ಲಿ ಕೋರ್ಟಿಗೆ ಕರೆದೊಯ್ಯುವ ಬೆಂಗಾವಲಿಗೆ ಹೋಗುತ್ತಿದ್ದರು. ಉದ್ದ ರೈಫಲ್ ಇಟ್ಟುಕೊಂಡು ಕಾರಿನಿಂದ ಇಳಿಯುವುದೇ ಒಂದು ಸರ್ಕಸ್ಸು. ಒಂದು ಸಲ ವಿಜಯನಗರದ ಸಿಗ್ನಲ್ಲಿನಲ್ಲಿ ಒಬ್ಬ ಅವಸರಕ್ಕೆ ಇಳಿಯಲು ಹೋಗಿ, ನಳಿಕೆ ಸೀಟ್ ಬೆಲ್ಟಿಗೆ ಸಿಕ್ಕಿಕೊಂಡು, ಬಾಗಿಲಿನಲ್ಲೇ ಒದ್ದಾಡಿದ. ನಿಜವಾದ ದಾಳಿಯಾಗಿದ್ದರೆ ಅವನ ಕಥೆ ಅಲ್ಲೇ ಮುಗಿದಿರುತ್ತಿತ್ತು. ಮೇಡಂ ಮೇಲಿನಿಂದ ಅನುಮತಿ ತಂದು, ಕೆಲವು ರೈಫಲ್‌ಗಳ ನಳಿಕೆಯನ್ನು ಮುಂದಿನಿಂದ ಗಿಡ್ಡ ಮಾಡಿಸಲು ಹೇಳಿದರು. ಅವರ ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಕಾರಿನ ಬಾಗಿಲು ಇರುವುದೇ ಅಷ್ಟು ಅಗಲ.

ನಮ್ಮ ವರ್ಕ್‌ಶಾಪಿನಲ್ಲೇ ಆ ಕೆಲಸ ಆಯಿತು. ಕೆಂಗೇರಿ ಆಚೆಯ ಹಳೇ ಕಲ್ಲುಕ್ವಾರಿಯ ನಮ್ಮ ರೇಂಜಿನಲ್ಲಿ ಏಪ್ರಿಲ್ ಮಧ್ಯಾಹ್ನ ಟ್ರಯಲ್ ಇಟ್ಟರು. ಬಂಡೆ ಸುಡುತ್ತಿತ್ತು. ಮೇಡಂ ಸ್ವತಃ ಹಾರಿಸಿದರು. ಒಂದು ತೋಟಾವೂ ತಪ್ಪಲಿಲ್ಲ, ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಸದ್ದು ಮಾತ್ರ ಕಿವಿ ಹರಿಯುವಷ್ಟು, ಬಾಯಲ್ಲಿ ಬೆಂಕಿಯೂ ಜಾಸ್ತಿ. ಗಿಡ್ಡ ನಳಿಕೆಯಲ್ಲಿ ಅದು ಸಹಜ. ಎಲ್ಲರಿಗೂ ಜಿಲೇಬಿ ಹಂಚಿದರು, ನಾನೂ ತಿಂದೆ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹಾರಿಸಿದ ಪ್ರತಿ ತೋಟಾಕ್ಕೂ ಖಾಲಿ ವಾಪಸ್ ಕೊಡಬೇಕು. ಒಂದು ಕಮ್ಮಿಯಾದರೆ ಇಡೀ ಕ್ವಾರಿಯನ್ನು ಕೈಯಲ್ಲಿ ಗೋರಿ ಹುಡುಕುತ್ತಾರೆ. ಆ ಗೋಳು ಬೇಡವೆಂದು ಯಾವ ಪುಣ್ಯಾತ್ಮನೋ ಹಾರಿಸುವವನ ಬಲಗಡೆ ಒಂದು ಬಟ್ಟೆ ಪರದೆ ಕಟ್ಟುವ ಉಪಾಯ ತಂದಿದ್ದ. ಖಾಲಿಗಳೆಲ್ಲ ಪರದೆಗೆ ಬಡಿದು ಕೆಳಗಿನ ಜೋಳಿಗೆಗೆ ಬೀಳುತ್ತಿದ್ದವು. ಲೆಕ್ಕ ಸರಿ, ಕೆಲಸ ಹಗುರ. ಆದರೆ ಯಾವ ಖಾಲಿ ದೂರ ಹೋಗುತ್ತಿತ್ತು, ಯಾವುದು ಸೊರಗಿ ಕಾಲಬುಡಕ್ಕೆ ಬೀಳುತ್ತಿತ್ತು ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಖಾದರ್ ಸಾಹೇಬರು ಆ ಹೊತ್ತಿಗೆ ತೀರಿಕೊಂಡಿದ್ದರು. ಬದುಕಿದ್ದಿದ್ದರೆ ಆ ಪರದೆಯನ್ನು ಹರಿದು ನಮ್ಮ ಬಾಯಿಗೆ ತುರುಕುತ್ತಿದ್ದರು.

ಗಿಡ್ಡ ರೈಫಲ್‌ಗಳಲ್ಲಿ ಒಂದು ಮಲ್ಲಿಕಾರ್ಜುನನ ಪಾಲಿಗೆ ಬಂತು. ರಾಣೆಬೆನ್ನೂರು ಕಡೆಯವನು, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಸುಂಕದಕಟ್ಟೆಯ ಕ್ವಾರ್ಟರ್ಸಿನಲ್ಲಿದ್ದ. ದಿನಾ ಬೆಳಿಗ್ಗೆ ನನ್ನ ಕಿಟಕಿಗೆ ಬಂದು ರೈಫಲ್ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಜೇಬಿನ ಸಣ್ಣ ಚೀಲದಿಂದ ಚಿಟಿಕೆ ವಿಭೂತಿ ತೆಗೆದು ಅದರ ಮೇಲೆ ಮೂರು ಗೆರೆ ಎಳೆಯುತ್ತಿದ್ದ. ಎಳೆಯುವುದಾದರೂ ಎಲ್ಲಿ? ಹಿಡಿಯ ಮೇಲಲ್ಲ, ಮರದ ಮೇಲಲ್ಲ, ನಳಿಕೆಯ ಮುಂದೆ ಆ ಅನಿಲದ ರಂಧ್ರ ಇರುವ ಗಂಟಿನ ಮೇಲೆಯೇ. ಲಿಂಗದ ಹಾಗೆ ಉಬ್ಬಿಕೊಂಡಿತ್ತಲ್ಲ, ಅವನ ಕೈ ಅಲ್ಲಿಗೇ ಹೋಗುತ್ತಿತ್ತು. ನಮ್ಮದು ನಾಮ ಇಡುವ ಮನೆತನ. ಬೇಡವೋ ಮಲ್ಲಿ ಅಂದರೆ ವೈಷ್ಣವರ ಹೊಟ್ಟೆಕಿಚ್ಚು ಅಂದಾನೆಂದು ಸುಮ್ಮನಿರುತ್ತಿದ್ದೆ. ಹೊರಗಡೆ ಹಚ್ಚಿದ ಬೂದಿಯಿಂದ ಏನೂ ಆಗುವುದಿಲ್ಲ ಎಂದೂ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ.

ಚಳಿಗಾಲ ಬಂತು. ಕೊಲೆ ಕೇಸಿನಲ್ಲಿ ಸಾಕ್ಷಿ ಹೇಳಬೇಕಿದ್ದ ಒಬ್ಬ ಹೆಂಗಸನ್ನು ಕೋರ್ಟಿಗೆ ಕರೆದೊಯ್ಯುವ ದಿನ. ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ, ರಾಜರಾಜೇಶ್ವರಿನಗರದ ತಿರುವು ದಾಟುವ ಮುಂಚೆ, ಒಂದು ವ್ಯಾನು ಅಡ್ಡ ಬಂದು ನಿಂತಿತು. ಕೈಯಲ್ಲಿ ಲಾಂಗು ಹಿಡಿದವರು ಇಳಿದರು. ಮಲ್ಲಿಕಾರ್ಜುನ ಕಾರಿನಿಂದ ಸಲೀಸಾಗಿ ಇಳಿದ, ಗಿಡ್ಡ ನಳಿಕೆಯ ಉಪಕಾರ ಅಷ್ಟು ಮಟ್ಟಿಗೆ ನಿಜ. ಮೇಲಕ್ಕೆ ಒಂದು ಗುಂಡು ಹಾರಿಸಿದ. ಅವರು ಹಿಂಜರಿದರು, ಆದರೆ ಓಡಲಿಲ್ಲ. ಎರಡನೇ ಸಲ ಬಂದೂಕಿನ ಕುದುರೆ ಎಳೆದ. ಟಕ್ ಅಂತ ಸದ್ದು ಬಂತು, ಗುಂಡು ಹೊರಡಲಿಲ್ಲ. ಆ ಟಕ್ ಅನ್ನುವುದು ಲಾಂಗು ಹಿಡಿದವರಿಗೂ ಕೇಳಿಸಿತಂತೆ. ಒಬ್ಬ ಮುಂದೆ ನುಗ್ಗಿದ. ಕಾರಿನ ಆ ಬದಿಯಿಂದ ಇನ್ನೊಬ್ಬ ಕಾವಲಿನವ, ಉದ್ದ ರೈಫಲ್‌ನವನು ಹೇಗೋ ಇಳಿದು ಹಾರಿಸಿದ್ದರಿಂದ ಎಲ್ಲರೂ ಚೆಲ್ಲಾಪಿಲ್ಲಿಯಾದರು. ಆ ಹೆಂಗಸಿಗೆ ಏನೂ ಆಗಲಿಲ್ಲ. ಅಷ್ಟು ಹೊತ್ತೂ ಅವಳು ಕಾರಿನ ನೆಲದಲ್ಲಿ ಮುದುಡಿ ಕೂತಿದ್ದಳೆಂದು ಆಮೇಲೆ ಮಲ್ಲಿಕಾರ್ಜುನ ಹೇಳಿದ.

ವಿಚಾರಣೆಗೆ ಇನ್‌ಸ್ಪೆಕ್ಟರ್ ರಂಗಸ್ವಾಮಿಯನ್ನು ಹಾಕಿದರು. ಆತ ಕೆಟ್ಟ ಮನುಷ್ಯನಲ್ಲ. ಕೆಲಸ ಬೇಗ ಮುಗಿಸುವ ಮನುಷ್ಯ, ಅದೇ ಅವನ ಕೆಟ್ಟತನ. ರೈಫಲ್ ಬಿಚ್ಚಿಸಿದ. ಆ ಗಂಟಿನ ಸಂದಿಯಲ್ಲಿ ಮಸಿಯ ಜೊತೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಮೂಸಿ ನೋಡಿ, ವಿಭೂತಿ ಅಂದ. ಅಲ್ಲಿಗೆ ಕೇಸು ಮುಗಿಯಿತು. ಮೂಢನಂಬಿಕೆಯಿಂದ ಸರ್ಕಾರಿ ಆಯುಧ ಕೆಡಿಸಿ ಸಾಕ್ಷಿಯ ಪ್ರಾಣಕ್ಕೆ ಕುತ್ತು ತಂದ ಎಂದು ಆರೋಪ. ಮಲ್ಲಿಕಾರ್ಜುನನನ್ನು ಅಮಾನತಿನಲ್ಲಿಟ್ಟರು. ಆರೋಪ ನಿಂತರೆ ಕೆಲಸದಿಂದಲೇ ವಜಾ, ಕ್ವಾರ್ಟರ್ಸೂ ಖಾಲಿ ಮಾಡಬೇಕು.

ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ಕೂರು ಅಂದರೂ ಕೂರಲಿಲ್ಲ. ಕೆಲಸದ ಬಗ್ಗೆ, ಮಕ್ಕಳ ಬಗ್ಗೆ ಗೋಳಾಡುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

"ಸರ, ಖರೇ ಹೇಳ್ರಿ. ನನ್ನ ವಿಭೂತಿ ಒಳಗ ಹೋಗಿತ್ತೇನ್ರಿ?"

ಇಲ್ಲ ಅನ್ನಬೇಕೆನಿಸಿತು. ಗೊತ್ತಿಲ್ಲ ಕಣೋ ಅಂದೆ. ಅವನ ಮುಖ ನೋಡಲಾಗಲಿಲ್ಲ. ದಿನಾ ಕಣ್ಣಿಗೊತ್ತಿಕೊಳ್ಳುವ ದೇವರೇ ತನಗೆ ಕೈಕೊಟ್ಟನೇ ಎಂಬುದು ಅವನ ಚಿಂತೆ. ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಹೊರಟೇ ಹೋಗಿದ್ದ.

ಆ ಮೇಲೆ ನನಗೆ ನೆಮ್ಮದಿ ಇಲ್ಲ. ಖಾದರ್ ಸಾಹೇಬರ ಮಾತು ತಲೆಯಲ್ಲಿ ಸುತ್ತತೊಡಗಿತು. ಅವತ್ತು ಮೈಸೂರು ರಸ್ತೆಯಲ್ಲಿ ಮೊದಲ ಖಾಲಿ ಎಲ್ಲಿ ಬಿತ್ತು? ಉದ್ದ ರೈಫಲ್‌ನವನನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವನು ಯೋಚಿಸಿ, ಮಲ್ಲಿ ಕಾಲ ಹತ್ರಾನೇ ಇತ್ತು ಸಾರ್, ನಾನೇ ಎತ್ಕೊಂಡೆ ಅಂದ. ಕಾಲ ಹತ್ತಿರ ಬಿದ್ದಿದೆ ಎಂದರೆ ಒದೆತ ಸೊರಗಿತ್ತು. ಸೊರಗಿದ್ದು ವಿಭೂತಿಯಿಂದಲೋ, ನಳಿಕೆಯಿಂದಲೋ? ಅದು ಮಾತ್ರ ಗೊತ್ತಿರಲಿಲ್ಲ.

ಮೇಡಂ ಹತ್ತಿರ ಹೋಗಿ ಇನ್ನೊಂದು ಟ್ರಯಲ್ ಬೇಕು ಅಂದೆ. ಅವತ್ತಿನ ಹಾಗೆ ಚಳಿಗಾಲದ ಬೆಳಿಗ್ಗೆಯೇ ಆಗಬೇಕು, ಅವತ್ತು ಕೊಟ್ಟಿದ್ದ ತೋಟಾದ ಲಾಟೇ ಆಗಬೇಕು, ಬಟ್ಟೆ ಪರದೆ ಇರಬಾರದು. ರಂಗಸ್ವಾಮಿ ಅಲ್ಲೇ ಕೂತಿದ್ದ. ಪರದೆ ಇಲ್ದೆ ಖಾಲಿ ಕಳೆದ್ರೆ ಯಾರು ಜವಾಬ್ದಾರಿ ಅಂದ. ಮೇಡಂ, ನಾನು ಅಂದರು.

ಆಗ ರಂಗಸ್ವಾಮಿ ಒಂದು ಮಾತು ಸೇರಿಸಿದ, ಸರಿಯಾದ ಮಾತೇ. ಒಂದು ಉದ್ದ ರೈಫಲ್‌ಗೆ ಇದೇ ಮಲ್ಲಿಕಾರ್ಜುನ ಇದೇ ವಿಭೂತಿ ಹಚ್ಚಲಿ, ಅದು ಸಲೀಸಾಗಿ ಓಡಿದರೆ ಅವನು ನಿರಪರಾಧಿ ಅಂದ. ನನಗೂ ಒಪ್ಪಿಗೆಯಾಯಿತು. ಖುಷಿಯಿಂದಲೇ ಸುಂಕದಕಟ್ಟೆಗೆ ಹೋಗಿ ಅವನಿಗೆ ಹೇಳಿದೆ. ಅವನು ಗೋಡೆ ಕಡೆ ನೋಡುತ್ತಾ ತಲೆ ಅಲ್ಲಾಡಿಸಿದ.

"ದೇವರನ್ನ ಪರೀಕ್ಷಾ ಮಾಡಾಕ ವಿಭೂತಿ ಕೊಡೂದಿಲ್ರಿ. ನೌಕರಿ ಹೋದ್ರ ಹೋಗ್ಲಿ."

ನನಗೆ ರೇಗಿಹೋಯಿತು. ನಿನ್ನ ತಲೆ ಉಳಿಸಲು ನಾನು ಒದ್ದಾಡ್ತಿದ್ದರೆ ನೀನು ಧರ್ಮಬೋಧೆ ಮಾಡ್ತೀಯೇನೋ ಎಂದು ಅವನ ಹೆಂಡತಿ ಮಕ್ಕಳ ಮುಂದೆಯೇ ಕೂಗಾಡಿದೆ. ಅವನು ಒಪ್ಪಲಿಲ್ಲ. ಹೊರಗೆ ಬಂದು ಮಾಗಡಿ ರಸ್ತೆಯ ಧೂಳಿನಲ್ಲಿ ನಿಂತಾಗ ನನಗೆ ಪರಿಸ್ಥಿತಿ ಅರ್ಥವಾಯಿತು. ಈಗ ಉಳಿದದ್ದು ಒಂದೇ ದಾರಿ. ವಿಭೂತಿಯ ಸೋಂಕೇ ಇಲ್ಲದ, ತೊಳೆದು ಶುದ್ಧ ಮಾಡಿದ ಗಿಡ್ಡ ರೈಫಲ್ ಎಲ್ಲರ ಕಣ್ಣೆದುರಿಗೆ ಕೈಕೊಡಬೇಕು. ಅದು ಸಲೀಸಾಗಿ ಓಡಿದರೆ ತಪ್ಪೆಲ್ಲ ವಿಭೂತಿಯದೇ ಎಂದು ಮುದ್ರೆ ಬೀಳುತ್ತದೆ, ಟ್ರಯಲ್ ಕೇಳಿ ಅವನ ಕುತ್ತಿಗೆಗೆ ಹಗ್ಗ ಬಿಗಿದವನು ನಾನೇ ಆಗುತ್ತೇನೆ. ತಾನೇ ಸಿದ್ಧ ಮಾಡಿದ ಬಂದೂಕು ಕೆಡಲಿ ಎಂದು ದೇವರಿಗೆ ಹರಕೆ ಹೊತ್ತ ಆರ್ಮರರ್ ನಾನೊಬ್ಬನೇ ಇರಬೇಕು.

ಆ ಬೆಳಿಗ್ಗೆ ಕ್ವಾರಿಯಲ್ಲಿ ಮಂಜು ಇತ್ತು. ಮಂಜು ಸರಿಯಲಿ, ಗುರಿ ಕಾಣಲಿ ಎಂದು ಕಾದೆವು. ಮಲ್ಲಿಕಾರ್ಜುನನನ್ನೂ ಕರೆಸಿದ್ದರು. ಅವನು ಜೀಪಿನ ಹಿಂದೆ ಬಂಡೆಗೆ ಮುಖ ಮಾಡಿ ನಿಂತುಬಿಟ್ಟ. ಈ ಕಡೆ ಬಾರೋ ಅಂದರೆ ಬರಲಿಲ್ಲ.

ಮೇಡಂ ಗಿಡ್ಡ ರೈಫಲ್ ಅನ್ನು ಎಲ್ಲರೆದುರು ತಾವೇ ಬಿಚ್ಚಿ ತೊಳೆದರು. ಆ ಗಂಟು, ಆ ರಂಧ್ರ, ಪಿಸ್ಟನ್ನು, ಎಲ್ಲವನ್ನೂ ರಂಗಸ್ವಾಮಿಗೆ ತೋರಿಸಿ ಜೋಡಿಸಿದರು. ಮೊದಲು ಉದ್ದ ರೈಫಲ್ ಹಾರಿಸಿದರು. ಖಾಲಿಗಳು ಒಂದರ ಹಿಂದೊಂದು ದೂರದ ಕಳ್ಳಿಗಿಡದ ಹತ್ತಿರ ಹೋಗಿ ಬಿದ್ದವು. ನಾನು ನೆಲ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಆಮೇಲೆ ಗಿಡ್ಡದ್ದು. ಮೊದಲ ಖಾಲಿ ಕಳ್ಳಿಗಿಡದ ಅರ್ಧ ದಾರಿಗೂ ಹೋಗಲಿಲ್ಲ. ಎರಡನೆಯದೂ ಹಾಗೇ. ಆದರೆ ರೈಫಲ್ ನಿಲ್ಲಲಿಲ್ಲ. ಇನ್ನೊಂದು, ಮತ್ತೊಂದು. ಮ್ಯಾಗಜಿನ್ ಪೂರ್ತಿ ಮುಗಿಯಿತು, ಒಂದು ಸಲವೂ ತಡೆಯಲಿಲ್ಲ. ರಂಗಸ್ವಾಮಿ ಕಿವಿಯ ಮುಚ್ಚಳ ತೆಗೆದು, ಓಡ್ತಲ್ಲ ಸಾರ್ ಎಂದು ನನ್ನ ಕಡೆ ನೋಡಿದ. ಅದರಲ್ಲಿ ಕುಹಕ ಇರಲಿಲ್ಲ, ಅದೇ ಇನ್ನೂ ಕಷ್ಟ. ಜೀಪಿನ ಹಿಂದೆ ಮಲ್ಲಿಕಾರ್ಜುನನ ಬೆನ್ನು ಹಾಗೇ ನಿಂತಿತ್ತು.

ಮೇಡಂ ಮಾತ್ರ ನೆಲ ನೋಡುತ್ತಿದ್ದರು. ಇದ್ಯಾಕೆ ಇಷ್ಟು ಹತ್ರ ಬಿದ್ದಿದೆ ಎಂದು ಕೇಳಿದರು. ಒದೆತ ಕಮ್ಮಿ ಮೇಡಂ, ಆದ್ರೂ ಸಾಕಾಗ್ತಿದೆ ಅಂದೆ. ಅನ್ನುತ್ತಲೇ ಮುಂದಿನ ಮ್ಯಾಗಜಿನ್ ತುಂಬಲು ತೋಟಾ ಎತ್ತಿಕೊಂಡೆ. ತೋಟಾ ಬೆಚ್ಚಗಿತ್ತು. ಮಂಜು ಸರಿಯುವವರೆಗೂ ಡ್ರೈವರ್ ಜೀಪಿನ ಇಂಜಿನ್ ಚಾಲೂ ಇಟ್ಟಿದ್ದ, ತೋಟಾದ ಡಬ್ಬಿ ಬಾನೆಟ್ಟಿನ ಮೇಲಿತ್ತು. ನನಗೆ ಥಟ್ಟನೆ ನೆನಪಾದದ್ದು ಆ ಕೊಬ್ಬರಿ ಎಣ್ಣೆಯ ಪರೇಡು. ಚಳಿಗೆ ಗಟ್ಟಿಯಾಗುವುದು ಎಣ್ಣೆ ಒಂದೇ ಅಲ್ಲ. ತಣ್ಣಗಾದ ಮದ್ದೂ ಸೋಮಾರಿಯಾಗುತ್ತದೆ, ಅದು ಒತ್ತುವ ಜೋರು ಕಮ್ಮಿ.

"ಮೇಡಂ, ಇವು ಬೆಚ್ಚಗಿವೆ. ಅವತ್ತು ಬೆಳಿಗ್ಗೆ ಕಿಟಕಿಯಲ್ಲಿ ಮಲ್ಲಿಗೆ ಕೊಟ್ಟ ತೋಟಾ ಹೀಗಿರಲಿಲ್ಲ, ಚಳಿಗೆ ತಣ್ಣಗೆ ಕೊರೆಯುತ್ತಿದ್ದವು."

ಅವರು ಒಂದು ತೋಟಾ ಅಂಗೈಯಲ್ಲಿ ಹಿಡಿದು ನೋಡಿದರು. ಅದೇ ಲಾಟಿನ ಇನ್ನೊಂದು ಡಬ್ಬಿ ಬಂಡೆಯ ನೆರಳಿನಲ್ಲಿ ಇಬ್ಬನಿಯಲ್ಲಿ ನೆನೆಯುತ್ತಾ ಕೂತಿತ್ತು. ಅದನ್ನು ತರಿಸಿದರು. ತಗಡು ಮುಟ್ಟಿದರೆ ಬೆರಳು ಜುಂ ಅನ್ನುತ್ತಿತ್ತು. ರೈಫಲ್ ಕೂಡ ತಣ್ಣಗಾಗಲಿ ಎಂದು ಅದನ್ನೂ ನೆರಳಿನ ಕಲ್ಲಿನ ಮೇಲಿಟ್ಟು ಕಾದರು. ದೂರದಲ್ಲಿ ಕೆಂಗೇರಿ ಕಡೆಯಿಂದ ರೈಲಿನ ಕೂಗು ಕೇಳಿ ನಿಂತಿತು.

ಮತ್ತೆ ಮೇಡಂ ನಿಂತರು. ಮೊದಲ ಗುಂಡು ಹೋಯಿತು. ಖಾಲಿ ಮೇಲೆದ್ದು, ಸುಸ್ತಾದವರ ಹಾಗೆ ವಾಲಿ, ಅವರ ಬೂಟಿನ ಪಕ್ಕ ಬಿತ್ತು. ಎರಡನೇ ಸಲ ಕುದುರೆ ಎಳೆದರು.

ಟಕ್.

ಜೀಪಿನ ಹಿಂದಿನಿಂದ ಮಲ್ಲಿಕಾರ್ಜುನನ ದನಿ ಬಂತು. ಇನ್ನೂ ಬಂಡೆಗೇ ಮುಖ ಮಾಡಿದ್ದ.

"ಅದ ಸಪ್ಪಳ್ರಿ. ಅವತ್ತೂ ಅದ ಸಪ್ಪಳ."

ಮೇಡಂ ನಳಿಕೆಯನ್ನು ಗುರಿಯ ಕಡೆಗೇ ಇಟ್ಟು ಬೋಲ್ಟ್ ಹಿಂದಕ್ಕೆಳೆದು ನೋಡಿದರು. ಖಾಲಿಯನ್ನು ಹೊರಗೆಸೆಯುವಷ್ಟು ಮಾತ್ರ ಬೋಲ್ಟ್ ಹಿಂದೆ ಹೋಗಿತ್ತು. ಹೊಸ ತೋಟಾವನ್ನು ಬೆನ್ನಿಗೆ ತಾಗಿ ಮುಂದೆ ತರುವಷ್ಟು ದೂರ ಹೋಗದೆ ಹಾಗೇ ಮುಚ್ಚಿಕೊಂಡಿತ್ತು. ಒಳಗೆ ಬರಿದೋ ಬರಿದು. ಅವರು ಕಾಕತಾಳೀಯ ಎಂದು ಬಿಡುವವರಲ್ಲ. ಮತ್ತೆ ತಣ್ಣಗೆ ಮಾಡಿ ಮತ್ತೆ ಹಾರಿಸಿದರು. ಮತ್ತೆ ಟಕ್. ಇನ್ನೊಂದು ಗಿಡ್ಡ ರೈಫಲ್ ತರಿಸಿದರು, ಅದೂ ಟಕ್. ಅದೇ ತಣ್ಣನೆಯ ತೋಟಾವನ್ನು ಉದ್ದ ರೈಫಲ್‌ಗೆ ತುಂಬಿ ಹಾರಿಸಿದರು. ಖಾಲಿಗಳು ಕಳ್ಳಿಗಿಡ ಮುಟ್ಟಲಿಲ್ಲ, ಆದರೆ ರೈಫಲ್ ಒಂದು ಸಲವೂ ನಿಲ್ಲಲಿಲ್ಲ.

ಕಾರಣ ಬಿಡಿಸಿ ಹೇಳಿದ್ದು ನಾನಲ್ಲ, ಮೇಡಂ. ಧೂಳಿನಲ್ಲಿ ಕೂತು ಬೆರಳಲ್ಲಿ ನಳಿಕೆ ಬರೆದರು. ರಂಧ್ರದಿಂದ ನಳಿಕೆಯ ಬಾಯಿವರೆಗೆ ಗುಂಡು ಓಡುವಷ್ಟು ಹೊತ್ತು ಮಾತ್ರ ಪಿಸ್ಟನ್ನಿಗೆ ಪೂರ್ತಿ ಒತ್ತಡ ಸಿಗುತ್ತದೆ. ಗುಂಡು ಬಾಯಿ ದಾಟಿತೋ, ಅನಿಲವೆಲ್ಲ ಅದರ ಹಿಂದೆಯೇ ಹೊರಗೆ. ನಾವು ಕತ್ತರಿಸಿದ್ದು ಬರೀ ಕಬ್ಬಿಣವನ್ನಲ್ಲ, ಒದೆಯಲು ಇದ್ದ ಕಾಲಾವಕಾಶವನ್ನು. ಏಪ್ರಿಲ್ ಬಿಸಿಲಿನಲ್ಲಿ ಉಳಿದ ಕಾಲ ಹೇಗೋ ಸಾಕಾಗಿತ್ತು, ಚಳಿಗೆ, ಮಸಿಗೆ ಸಾಲದೆ ಹೋಯಿತು. ನಾನು ಚಿಹ್ನೆ ಬಲ್ಲೆ, ರೋಗದ ಮೂಲ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಅವತ್ತು ಗೊತ್ತಾಯಿತು.

ರಂಗಸ್ವಾಮಿ ಆ ಗೆರೆ ನೋಡಿ, ಹಾಗಾದರೆ ವರದಿಯಲ್ಲಿ ಏನು ಬರೆಯಲಿ ಎಂದು ಕೇಳಿದ. ಮೇಡಂ ಎದ್ದು ಕೈ ಕೊಡವಿಕೊಂಡರು.

"ನಳಿಕೆ ಗಿಡ್ಡ ಮಾಡಿಸಿದ್ದು ನಾನು, ಬಿಸಿಲಲ್ಲಿ ಟ್ರಯಲ್ ಮಾಡಿ ಒಪ್ಪಿಕೊಂಡಿದ್ದೂ ನಾನು. ಹಾಗೇ ಬರೀರಿ."

ಹಾಗೇ ಬರೆದ, ಅವರೂ ಮೇಲಿನವರಿಂದ ಬೈಸಿಕೊಂಡರು. ಗಿಡ್ಡ ರೈಫಲ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡೆವು. ರಂಧ್ರ ದೊಡ್ಡದು ಮಾಡಿದರೆ ಸರಿಹೋಗುತ್ತಲ್ಲ ಎಂದು ಕೆಲವರು ಬುದ್ಧಿ ಹೇಳಿದರು. ಚಳಿಗೆಂದು ಹಾಗೆ ಮಾಡಿದರೆ ಬೇಸಿಗೆಯಲ್ಲಿ ಬೋಲ್ಟ್ ಗೂಳಿಯ ಹಾಗೆ ಹಿಂದಕ್ಕೆ ನುಗ್ಗಿ ಒಳಗಿನ ಭಾಗ ಮುರಿಯುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ವ್ಯವಸ್ಥೆ ಅದು. ಮುಂದೆ ಹುಟ್ಟಿನಿಂದಲೇ ಗಿಡ್ಡವಾಗಿ ತಯಾರಾದ ಆಯುಧಗಳು ಬಂದವು, ಕಾರಿನ ಸಮಸ್ಯೆ ತೀರಿತು. ಬಟ್ಟೆ ಪರದೆಯನ್ನು ಟ್ರಯಲ್ ದಿನಗಳಲ್ಲಿ ಕಟ್ಟಬಾರದೆಂದು ಆದೇಶವಾಯಿತು. ಖಾದರ್ ಸಾಹೇಬರಿಗೆ ಅದೇ ಪಿಂಚಣಿ ಅಂದುಕೊಂಡೆ.

ಮಲ್ಲಿಕಾರ್ಜುನ ಡ್ಯೂಟಿಗೆ ವಾಪಸ್ ಬಂದ ಬೆಳಿಗ್ಗೆ ನಾನೇ ಕಿಟಕಿಯಲ್ಲಿದ್ದೆ. ಉದ್ದ ರೈಫಲ್ ಕೊಟ್ಟೆ. ಕಣ್ಣಿಗೊತ್ತಿಕೊಂಡ. ಕೈ ಅಭ್ಯಾಸದಂತೆ ಚೀಲಕ್ಕೆ ಹೋಯಿತು, ಚಿಟಿಕೆ ವಿಭೂತಿ ತೆಗೆಯಿತು, ನಳಿಕೆಯ ಹತ್ತಿರ ಬಂದು ನಿಂತುಬಿಟ್ಟಿತು. ಹಚ್ಚೋ, ಈಗ ಯಾರು ಏನಂತಾರೆ, ತಪ್ಪು ನಿಂದಲ್ಲ ಅಂತ ಸಾಬೀತಾಗಿದೆಯಲ್ಲ ಅಂದೆ. ಅವನು ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಸರ. ಮತ್ತ ಬಂದೂಕು ಕೈಕೊಟ್ರ ದೇವರಿಗೆ ಬೈತಾರ. ನನಗ ಬೈದ್ರ ತಡಕೋತೀನಿ, ಅವಂಗ ಬೈದ್ರ ಆಗೂದಿಲ್ಲ."

ತೆಗೆದ ವಿಭೂತಿಯನ್ನು ಮತ್ತೆ ಚೀಲಕ್ಕೆ ಹಾಕುವ ಹಾಗಿಲ್ಲ, ನೆಲಕ್ಕೆ ಚೆಲ್ಲುವ ಹಾಗಿಲ್ಲ. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಅನ್ನುತ್ತಿದ್ದರು. ಅವನು ಕ್ಷಣ ಯೋಚಿಸಿ, ಕಿಟಕಿಯ ಸರಳಿನ ಸಂದಿಯಿಂದ ಕೈ ತೂರಿಸಿ, ನನ್ನ ಹಣೆಯ ಮೇಲೆ ಮೂರು ಗೆರೆ ಎಳೆದ.

"ನೀವು ಕೈಕೊಡೂದಿಲ್ಲ ಬಿಡ್ರಿ," ಅಂದು ರೈಫಲ್ ಹೆಗಲಿಗೇರಿಸಿಕೊಂಡು ಹೋದ.

ನನಗೆ ಕಣ್ಣು ತುಂಬಿ ಬಂತು. ಮುಂದಿನವನಿಗೆ ಬಂದೂಕು ಕೊಡುವಾಗ ಅವನ ಮುಖ ಸರಿಯಾಗಿ ಕಾಣಲಿಲ್ಲ. ಸಂಜೆ ಹಾಗೇ ಮನೆಗೆ ಹೋದೆ. ತಲೆತಲಾಂತರದಿಂದ ನಾಮ ಇಟ್ಟುಕೊಂಡು ಬಂದ ಮನೆಯ ಹೊಸ್ತಿಲಲ್ಲಿ ನನ್ನ ಹೆಂಡತಿ ಹಣೆ ನೋಡಿ, ಇದೇನ್ರೀ ಹೊಸದು ಎಂದು ಕೇಳಿದಳು. ಡ್ಯೂಟಿದು ಕಣೇ ಅಂದೆ. ನಿವೃತ್ತಿಯಾಗುವವರೆಗೆ ದಿನಾ ಆ ಕಿಟಕಿಯಲ್ಲಿ ಹಣೆ ಒಡ್ಡಿದೆ. ಒಂದು ದಿನವೂ ಒರೆಸಿಕೊಂಡು ಮನೆಗೆ ಬರಲಿಲ್ಲ.